ಸೈಕಲ್ಲಿಗೂ ಸರ್ವರ್ ಅಪ್ಪಣೆ ಬೇಕಾ ಸ್ವಾಮಿ?

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಸಮಯ ಸಿಗಲಿಲ್ಲ ಅಂತ ಸುಳ್ಳು ಹೇಳಲ್ಲ. ಸಿಟ್ಟು ಬಂದಿರಲಿಲ್ಲ, ಅಷ್ಟೇ. ಕಳೆದ ಭಾನುವಾರ ಬಂತು, ಬರೀತಾ ಇದ್ದೇನೆ.

ಸ್ನೇಹಿತನ ಮನೆಯ ಗೃಹಪ್ರವೇಶ. ಊಟಕ್ಕೆ ಪಕ್ಕದ ಎಲೆಯಲ್ಲಿ ಕೂತಿದ್ದ ಹುಡುಗ ಎಲೆಕ್ಟ್ರಿಕ್ ಸೈಕಲ್ ಕಂಪನಿ ಶುರು ಮಾಡ್ತಾನಂತೆ. ನನಗೂ ಸೈಕಲ್ ಹುಚ್ಚು ಇರೋದರಿಂದ ಕಿವಿ ನೆಟ್ಟಗಾಯ್ತು.

"ನಮ್ದು ಬರೀ ಸೈಕಲ್ ಅಲ್ಲ ಅಂಕಲ್, ಪ್ಲಾಟ್‌ಫಾರ್ಮ್. ಬ್ಯಾಟರಿ ನಮ್ದೇ, ಮೋಟಾರ್ ನಮ್ದೇ, ಚಾರ್ಜರ್ ಪಿನ್ ಕೂಡ ನಮ್ದೇ ಡಿಸೈನ್. ಬೇರೆಯವರದ್ದು ಹಾಕಿದ್ರೆ ಓಡೋದೇ ಇಲ್ಲ. ಆ್ಯಪ್ ಇಲ್ದೆ ಲಾಕ್ ತೆಗೆಯೋಕೂ ಆಗಲ್ಲ. ಅದೇ ನಮ್ಮ ಮೋಟ್!"

ಮೋಟ್ ಅಂದರೆ ಕಂದಕ. ಕೋಟೆ ಸುತ್ತ ತೋಡಿ ನೀರು ಬಿಟ್ಟಿರ್ತಾರಲ್ಲ, ಅದು. ಬಂಡವಾಳ ಹೂಡೋರ ಮುಂದೆ ಈಗ ಎಲ್ಲರೂ ಆಡೋ ಮಾತು ಇದೇ, ನಿಮ್ಮ ಕಂದಕ ಎಷ್ಟು ಆಳ ಅಂತ.

"ನಾಳೆ ನಿಮ್ಮ ಕಂಪನಿ ಮುಚ್ಚಿಹೋದ್ರೆ ಸೈಕಲ್ ತಗೊಂಡವನ ಗತಿ ಏನಪ್ಪಾ?" ಅಂದೆ.

ಹೋಳಿಗೆ ಮುರೀತಾ ನಕ್ಕ. "ಪಾಸಿಟಿವ್ ಆಗಿ ಯೋಚನೆ ಮಾಡಿ ಅಂಕಲ್."

ಅಂಕಲ್ ಅಂದಿದ್ದಕ್ಕೆ ಸಿಟ್ಟು ಬಂದಿದ್ದಲ್ಲ. (ಸರಿ, ಅದಕ್ಕೂ ಸ್ವಲ್ಪ ಬಂತು.) ಈ ಹುಡುಗ ಹೇಳಿದ ಯೋಜನೆಯನ್ನು ಅಕ್ಷರಶಃ ಮಾಡಿ ನೋಡಿದ ಕಂಪನಿಯೊಂದು ಇತ್ತು. ಅದು ಹೇಗೆ ಮುಳುಗಿತು ಅನ್ನೋದು ಜಗತ್ತಿಗೆಲ್ಲ ಗೊತ್ತು. ಹಾಗಿದ್ದರೂ ಅದೇ ಬಾವಿಗೆ ಬೀಳೋಕೆ ಇನ್ನೊಬ್ಬ ಹಗ್ಗ ಹೊಸೀತಾ ಇದ್ದಾನಲ್ಲ, ಅದಕ್ಕೆ ಸಿಟ್ಟು.

ಆ ಕಂಪನಿ ವ್ಯಾನ್‌ಮೂಫ್. ಊರು ಆಮ್‌ಸ್ಟರ್‌ಡ್ಯಾಮ್. ಟಾಕೋ ಮತ್ತು ಟೀಸ್ ಕಾರ್ಲಿಯರ್ ಅನ್ನೋ ಅಣ್ಣತಮ್ಮಂದಿರು 2009ರಲ್ಲಿ ಶುರು ಮಾಡಿದ್ದು. ಬುದ್ಧಿವಂತರು, ಅದರಲ್ಲಿ ಎರಡು ಮಾತಿಲ್ಲ. ಒಂದು ಉದಾಹರಣೆ ಕೇಳಿ. ಸೈಕಲ್ ಪಾರ್ಸೆಲ್‌ಗಳು ಸಾಗಣೆಯಲ್ಲಿ ಏಟು ತಿಂದು ಬರ್ತಾ ಇದ್ದವು. ಇವರು ರಟ್ಟಿನ ಪೆಟ್ಟಿಗೆ ಮೇಲೆ ದೊಡ್ಡದಾಗಿ ಟಿವಿ ಚಿತ್ರ ಅಚ್ಚು ಹಾಕಿಸಿದರು! ಒಳಗೆ ಟಿವಿ ಇದೆ ಅಂದುಕೊಂಡ ಹಮಾಲರು ಮೆಲ್ಲಗೆ ಇಳಿಸೋಕೆ ಶುರು ಮಾಡಿದರು. ಏಟು ತಿನ್ನೋದು 70ರಿಂದ 80 ಪ್ರತಿಶತ ಇಳೀತು ಅಂತ ಕಂಪನಿಯೇ ಹೇಳಿಕೊಂಡಿತ್ತು. ಇಂಥ ತಲೆ ಇದ್ದವರು ಅವರು.

2020ರಲ್ಲಿ ಎಸ್3, ಎಕ್ಸ್3 ಅನ್ನೋ ಮಾದರಿ ತಂದರು. ಬೆಲೆ 1,998 ಯೂರೋ. ಮುಂದಿನ ಚಕ್ರದಲ್ಲಿ ಮೋಟಾರ್, ತಾನಾಗಿ ಬದಲಾಗೋ ಗೇರ್, ಚೌಕಟ್ಟಿನ ಕೊಳವೆಯೊಳಗೆ ಅಡಗಿಸಿಟ್ಟ ಬ್ಯಾಟರಿ, ಕಾಲಲ್ಲಿ ಒದ್ದರೆ ಬೀಳೋ ಬೀಗ. ಫೋನ್ ಹತ್ತಿರ ಬಂದರೆ ಬೀಗ ತಾನೇ ತೆಗೆದುಕೊಳ್ಳುತ್ತೆ. ಕದ್ದರೆ ಹುಡುಕಿ ತರೋಕೆ ಕಂಪನಿಯದೇ ಪತ್ತೇದಾರರ ತಂಡ. ಅದೇ ವರ್ಷ ಅವರ ಟಿವಿ ಜಾಹೀರಾತು ಕಾರುಗಳಿಗೆ ಅವಮಾನ ಮಾಡುತ್ತೆ ಅಂತ ಫ್ರಾನ್ಸಿನ ಜಾಹೀರಾತು ನಿಯಂತ್ರಣ ಸಂಸ್ಥೆ ತಡೆ ಹಾಕಿತು. ಇದಕ್ಕಿಂತ ಒಳ್ಳೆ ಪುಕ್ಕಟೆ ಪ್ರಚಾರ ಇನ್ನೇನು ಬೇಕು? ಕೋವಿಡ್ ಕಾಲ ಬೇರೆ. ಬಸ್ಸು ರೈಲಿಗೆ ಹೆದರಿದ ಯೂರೋಪ್ ಸೈಕಲ್ ಅಂಗಡಿಗೆ ಮುಗಿಬಿದ್ದಿತ್ತು. 2021ರ ಸೆಪ್ಟೆಂಬರಿನಲ್ಲಿ ಕಂಪನಿಗೆ 12.8 ಕೋಟಿ ಡಾಲರ್ ಬಂಡವಾಳ ಬಂತು.

ಎರಡೇ ವರ್ಷ. 2023ರ ಜೂನ್ ಕೊನೆಗೆ ಹೊಸ ಆರ್ಡರ್ ತಗೊಳ್ಳೋದು ನಿಂತಿತು. ಜುಲೈ 17ಕ್ಕೆ ಆಮ್‌ಸ್ಟರ್‌ಡ್ಯಾಮಿನ ಕೋರ್ಟು ದಿವಾಳಿ ಅಂತ ಘೋಷಿಸಿತು.

ದಿವಾಳಿ ಆಗೋ ಕಂಪನಿಗಳು ಬೇಕಾದಷ್ಟಿವೆ. ನಿಮ್ಮ ಊರಿನ ಸೈಕಲ್ ಕಂಪನಿ ದಿವಾಳಿ ಆದರೆ ಏನಾಗುತ್ತೆ? ಏನೂ ಆಗಲ್ಲ. ಮೂಲೆ ಅಂಗಡಿಯಲ್ಲಿ ಟ್ಯೂಬು ಸಿಗುತ್ತೆ, ಚೈನು ಸಿಗುತ್ತೆ, ಸೈಕಲ್ ಓಡ್ತಾ ಇರುತ್ತೆ. ಆದರೆ ಇಲ್ಲಿ ಸುಮಾರು 1,90,000 ಸೈಕಲ್ ಸವಾರರ ಎದೆ ಒಟ್ಟಿಗೆ ಡವಗುಟ್ಟಿತು. ಯಾಕೆ ಅಂದರೆ ಫೋನಿಗೂ ಸೈಕಲ್ಲಿಗೂ ನಡುವಿನ ಡಿಜಿಟಲ್ ಕೀಲಿಕೈ ಬರೋದು ಕಂಪನಿಯ ಸರ್ವರಿನಿಂದ. ಸರ್ವರಿನ ಬಾಡಿಗೆ ಕಟ್ಟೋರು ಇಲ್ಲದೆ ಅದು ಆರಿಹೋದರೆ? ಫೋನ್ ಬದಲಾಯಿಸಿ ಹೊಸದಾಗಿ ಲಾಗಿನ್ ಆಗಬೇಕಾದರೆ? ಹ್ಯಾಂಡಲ್ ಮೇಲಿನ ಗುಂಡಿ ಒತ್ತಿ ಸಂಖ್ಯೆ ಹಾಕೋ ಒಂದು ಪರ್ಯಾಯ ದಾರಿ ಇತ್ತು, ನಿಜ. ಅದರಿಂದ ಬೀಗ ತೆಗೀಬಹುದು. ಸೈಕಲ್ ಮಾರಿದಾಗ ಹೊಸ ಮಾಲೀಕನ ಹೆಸರಿಗೆ ಮಾಡೋಕೆ, ಸೆಟ್ಟಿಂಗ್ ಬದಲಾಯಿಸೋಕೆ ಮತ್ತೆ ಆ್ಯಪೇ ಗತಿ.

ಇಲ್ಲೊಂದು ತಮಾಷೆ ನಡೀತು. ಬೆಲ್ಜಿಯಮ್ಮಿನ ಕೌಬಾಯ್ ಅನ್ನೋ ಕಂಪನಿ ವ್ಯಾನ್‌ಮೂಫಿನ ನೇರ ಪ್ರತಿಸ್ಪರ್ಧಿ. ಅವರ ಹುಡುಗರು ಕೂತು ಬೈಕಿ ಅನ್ನೋ ಪುಟ್ಟ ಆ್ಯಪ್ ಬರೆದರು. ವ್ಯಾನ್‌ಮೂಫ್ ಸರ್ವರ್ ಇನ್ನೂ ಉಸಿರಾಡ್ತಾ ಇರೋವಾಗಲೇ ಲಾಗಿನ್ ಆಗಿ ನಿಮ್ಮ ಕೀಲಿಯನ್ನು ಇಳಿಸಿಕೊಂಡು ನಿಮ್ಮ ಫೋನಿನಲ್ಲೇ ಇಟ್ಟುಕೊಳ್ಳಿ ಅಂತ. ವೈರಿಯ ಗಿರಾಕಿಗೆ ಕೊಡೆ ಹಿಡಿಯೋದು ಅಂದರೆ ಇದು. ಪ್ರಚಾರದ ಲೆಕ್ಕಾಚಾರ ಇರಲಿಲ್ಲ ಅಂತಲ್ಲ, ಇರಲಿ ಬಿಡಿ. ನನ್ನ ಪ್ರಶ್ನೆ ಬೇರೆ. ಪ್ರತಿಸ್ಪರ್ಧಿ ಕೆಲವೇ ದಿನದಲ್ಲಿ ಮಾಡಿದ್ದನ್ನು ಮಾರಿದ ಕಂಪನಿ ಮೊದಲ ದಿನವೇ ಯಾಕೆ ಮಾಡಿಕೊಡಲಿಲ್ಲ? ಕೀಲಿಯನ್ನು ಮಾಲೀಕನ ಕೈಗೆ ಕೊಡೋದು ತಾಂತ್ರಿಕವಾಗಿ ಕಷ್ಟ ಆಗಿರಲಿಲ್ಲ. ಕೊಡೋ ಮನಸ್ಸಿರಲಿಲ್ಲ. ಕಂದಕದ ಆಳ ಕಮ್ಮಿ ಆಗುತ್ತಲ್ಲ!

ಈಗ ನನ್ನ ಮುಖ್ಯ ವಾದಕ್ಕೆ ಬರ್ತೀನಿ. ಕಂದಕ ಗಿರಾಕಿಗೆ ತೊಂದರೆ ಕೊಟ್ಟರೂ ಕಂಪನಿಗೆ ಲಾಭ ಅಂತ ತಾನೇ ಎಲ್ಲರೂ ನಂಬಿರೋದು? ಅದು ಸುಳ್ಳು. ವ್ಯಾನ್‌ಮೂಫನ್ನು ಮುಳುಗಿಸಿದ್ದರಲ್ಲಿ ಅದರ ಕಂದಕದ ಪಾಲು ದೊಡ್ಡದು.

ಲೆಕ್ಕ ಸರಳ. ಮಾಮೂಲಿ ಸೈಕಲ್ ಕಂಪನಿ ಸೈಕಲ್ ಮಾಡಿ ಅಂಗಡಿಯವನಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತೆ. ಬ್ರೇಕು ಸಡಿಲ, ಕಡ್ಡಿ ಮುರೀತು, ಗೇರ್ ಸಿಕ್ಕಿಕೊಂಡಿತು ಅಂದರೆ ಅದು ಅಂಗಡಿಯವನ ಪಾಡು, ಅದೇ ಅವನ ಸಂಪಾದನೆ. ವ್ಯಾನ್‌ಮೂಫ್ ಅಂಗಡಿಯವರನ್ನು ದೂರ ಇಟ್ಟು ನೇರವಾಗಿ ಮಾರಿತು. ನಡುವಿನವನ ಲಾಭ ಉಳೀತು ಅಂತ ಬೀಗಿತು. ಆದರೆ ಆ ನಡುವಿನವನು ಪುಕ್ಕಟೆ ಲಾಭ ತಿಂತಾ ಇರಲಿಲ್ಲ, ಸೈಕಲ್ ನೋಡಿಕೊಳ್ತಾ ಇದ್ದ! ಈಗ ಬಿಡಿಭಾಗಗಳೆಲ್ಲ ತಮ್ಮವೇ, ಬೇರೆ ಯಾವ ಮೆಕ್ಯಾನಿಕ್‌ಗೂ ಗೊತ್ತಿಲ್ಲ, ಗೊತ್ತಿದ್ದರೂ ಪಾರ್ಟು ಸಿಗಲ್ಲ. ಅಂದಮೇಲೆ ಜಗತ್ತಿನಲ್ಲಿ ಎಲ್ಲೇ ಒಂದು ಸೈಕಲ್ ಕೆಮ್ಮಿದರೂ ಔಷಧಿ ಇವರೇ ಕೊಡಬೇಕು. ಬೇಡಿಕೆ ಹೆಚ್ಚಾದಷ್ಟೂ ರಿಪೇರಿ ಸಾಲು ಉದ್ದ. ವಾರಂಟಿ ಒಳಗಿದ್ದರೆ ಖರ್ಚೂ ಇವರದ್ದೇ. 2021ರಲ್ಲಿ ಕಂಪನಿಯ ನಷ್ಟ ಸುಮಾರು 7.8 ಕೋಟಿ ಯೂರೋ. ಬೇಡಿಕೆ ಉಕ್ಕಿ ಹರೀತಾ ಇದ್ದ ವರ್ಷದ ನಷ್ಟ ಅದು, ನೆನಪಿರಲಿ.

ಗಿರಾಕಿ ಹೊರಗೆ ಹೋಗಬಾರದು ಅಂತ ಬಾಗಿಲಿಗೆ ಬೀಗ ಹಾಕಿದರು. ಕೀಲಿ ಒಳಗಿತ್ತು, ಇವರೂ ಒಳಗೇ ಇದ್ದರು.

2023ರ ಆಗಸ್ಟ್ 31ಕ್ಕೆ ಬ್ರಿಟನ್ನಿನ ಲಾವೋಯಿ ಅನ್ನೋ ಕಂಪನಿ ವ್ಯಾನ್‌ಮೂಫನ್ನು ಕೊಂಡಿತು. ಅದು ಆಗ ಮೆಕ್ಲಾರೆನ್ ಅಪ್ಲೈಡ್‌ನ ಎಲೆಕ್ಟ್ರಿಕ್ ಸ್ಕೂಟರ್ ವಿಭಾಗ ಆಗಿತ್ತು. ಸರ್ವರ್ ಉಳೀತು, ಸೈಕಲ್‌ಗಳೂ ಬದುಕಿದವು. ಆದರೆ ಹಳೇ ಕಂಪನಿಗೆ ಮುಂಗಡ ದುಡ್ಡು ಕಟ್ಟಿ ಸೈಕಲ್ ಸಿಗದೇ ಇದ್ದವರು ದಿವಾಳಿಯ ಸಾಲಗಾರರ ಸರದಿಯಲ್ಲಿ ನಿಲ್ಲಬೇಕಾಯ್ತು. ಆ ಬಾಕಿ ಹೊಸ ಮಾಲೀಕರ ತಲೆಗೆ ಬರಲಿಲ್ಲ. ಇನ್ನು ಹೊಸ ಮಾಲೀಕರು ಮೊದಲು ಮಾಡಿದ್ದೇನು ಗೊತ್ತಾ? ಸ್ವಂತ ಅಂಗಡಿಗಳ ಆಸೆ ಬಿಟ್ಟು, ಊರೂರಿನ ಸೈಕಲ್ ಅಂಗಡಿಗಳ ಜೊತೆ ಮಾರಾಟಕ್ಕೂ ರಿಪೇರಿಗೂ ಒಪ್ಪಂದ ಮಾಡಿಕೊಳ್ಳೋಕೆ ಹೊರಟರು. ಸುತ್ತಿ ಸುತ್ತಿ ಅದೇ ಮೂಲೆ ಅಂಗಡಿಗೆ!

ಆ ಪಕ್ಕದಲ್ಲಿ ಬಾಷ್ ಕಂಪನಿಯನ್ನು ನೋಡಿ. 2009ರಲ್ಲಿ ಈ-ಬೈಕ್ ವಿಭಾಗ ತೆರೆದರು. ಸೈಕಲ್ ಮಾತ್ರ ಮಾಡಲ್ಲ. ಮೋಟಾರ್, ಬ್ಯಾಟರಿ, ಡಿಸ್‌ಪ್ಲೇ ಮಾಡಿ ಹತ್ತಾರು ಸೈಕಲ್ ಕಂಪನಿಗಳಿಗೆ ಮಾರ್ತಾರೆ. ಒಂದು ಸೈಕಲ್ ಕಂಪನಿ ಮುಚ್ಚಿದರೂ ಆ ಮೋಟಾರಿನ ಕೆಲಸ ಗೊತ್ತಿರೋ ಅಂಗಡಿ ಇನ್ನೊಂದು ಬೀದಿಯಲ್ಲಿರುತ್ತೆ. ಬಾಷ್‌ನವರೇನೂ ಸಂತರಲ್ಲ. ಅವರ ಮೋಟಾರಿಗೆ ಅವರದ್ದೇ ಬ್ಯಾಟರಿ ಬೇಕು, ದೋಷ ಹುಡುಕೋ ಸಾಫ್ಟ್‌ವೇರ್ ಡೀಲರ್ ಕೈಯಲ್ಲಿರುತ್ತೆ. ಅದೂ ಒಂದು ಕಂದಕವೇ. ಆದರೆ ಸೇತುವೆ ಇರೋ ಕಂದಕ. ಅಂಗಡಿಯವನಿಗೂ ಅನ್ನ ಸಿಗುತ್ತೆ. ಸ್ಪರ್ಧೆಯೂ ಸತ್ತಿಲ್ಲ. ಯಮಾಹಾ 1993ರಿಂದ ಈ ಆಟದಲ್ಲಿದೆ, ಶಿಮಾನೋ ಇದೆ, ಡ್ರೋನ್ ಮಾಡೋ ಡಿಜೆಐ ಕೂಡ 2024ರಲ್ಲಿ ಅವಿನಾಕ್ಸ್ ಅನ್ನೋ ಮೋಟಾರ್ ಹಿಡಿದು ನುಗ್ಗಿತು.

ಈಗ ನೀವು ಎತ್ತೋ ಆಕ್ಷೇಪಗಳು ನನಗೆ ಗೊತ್ತು.

ಒಂದು, "ಮಾಮೂಲಿ ಕಂಪನಿಗಳೂ ಮುಳುಗಿದವಲ್ಲ?" ಹೌದು. ಕೋವಿಡ್ ಕಾಲದಲ್ಲಿ ಪಾರ್ಟುಗಳಿಗೆ ಒಂದು ವರ್ಷಕ್ಕೂ ಮೇಲೆ ಕಾಯಬೇಕಾಗಿತ್ತು ಅಂತ ಎಲ್ಲರೂ ಒಂದಕ್ಕೆರಡು ಆರ್ಡರ್ ಹಾಕಿದರು. 2022ರ ಕೊನೆಗೆ ಎಲ್ಲ ಒಟ್ಟಿಗೆ ಬಂದು ಗೋದಾಮು ತುಂಬಿತು, ಕೊಳ್ಳೋರು ಕಮ್ಮಿ ಆದರು. ಬಟಾವಸ್, ಕೋಗಾದಂಥ ಹಳೇ ಬ್ರಾಂಡುಗಳ ಒಡೆಯ ಆಕ್ಸೆಲ್ ಕೂಡ ಸಾಲದಲ್ಲಿ ಒದ್ದಾಡಿತು. ಕೊಡೆ ಹಿಡಿದ ಕೌಬಾಯ್‌ಗೂ 2025ರಲ್ಲಿ ಹಣದ ಮುಗ್ಗಟ್ಟು, ಒಂದು ಮಾದರಿಯ ಚೌಕಟ್ಟು ವಾಪಸ್ ಕರೆಸಿಕೊಳ್ಳೋ ಕಷ್ಟ ಎರಡೂ ಬಂತು. ಅಮೆರಿಕದ ರ‍್ಯಾಡ್ ಪವರ್ 2025ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಕಂಪನಿ ಮುಳುಗೋದನ್ನು ಯಾರೂ ತಡೆಯೋಕಾಗಲ್ಲ. ನಾನು ಕೇಳ್ತಿರೋದು ಅದು ಮುಳುಗುವಾಗ ಗಿರಾಕಿಯ ಸೈಕಲ್ಲನ್ನೂ ಜೊತೆಗೆ ಎಳ್ಕೊಂಡು ಹೋಗಬೇಕಾ ಅಂತ.

ಎರಡು, "ಬೆಂಕಿ! ಸಿಕ್ಕ ಸಿಕ್ಕ ಬ್ಯಾಟರಿ ಹಾಕಿದ್ರೆ ಮನೆ ಸುಟ್ಟುಹೋಗುತ್ತೆ." ಇದು ಗಟ್ಟಿ ಆಕ್ಷೇಪ, ತಳ್ಳಿಹಾಕಲ್ಲ. ನ್ಯೂಯಾರ್ಕಿನಲ್ಲಿ ಕಳಪೆ ಲಿಥಿಯಂ ಬ್ಯಾಟರಿಗಳಿಂದ ಬೆಂಕಿ ಬಿದ್ದು ಜನ ಸತ್ತಿದ್ದಾರೆ. ಆದರೆ ಅಲ್ಲಿನ ಆಡಳಿತ ಏನು ಮಾಡಿತು? ಒಂದೇ ಕಂಪನಿಯ ಬ್ಯಾಟರಿ ಹಾಕಿ ಅನ್ನಲಿಲ್ಲ. ಗೊತ್ತಾದ ಸುರಕ್ಷತಾ ಪರೀಕ್ಷೆ ಪಾಸಾಗದ ಈ-ಬೈಕು, ಬ್ಯಾಟರಿ ಮಾರಬೇಡಿ ಅಂತ 2023ರಲ್ಲಿ ಕಾನೂನು ತಂದಿತು. ನಮ್ಮ ಮನೆ ಗೋಡೆಯ ಸಾಕೆಟ್ಟಿಗೂ ಕರೆಂಟೇ ಬರೋದು, ಮುಟ್ಟಿದರೆ ಸಾಯ್ತೀವಿ. ಅದಕ್ಕೆ ಐಎಸ್ಐ ಗುರುತಿದೆ. ಆದರೆ ಅದು ಮಿಕ್ಸಿ ಯಾವ ಕಂಪನಿದು ಅಂತ ಕೇಳಲ್ಲ. ಸುರಕ್ಷತೆ ಬೇಕು ಅಂದರೆ ಎಲ್ಲರಿಗೂ ಒಂದೇ ನಿಯಮ ತನ್ನಿ.

ಮೂರು, "ಚೀನಾ ಮಾಲು ಬೆಲೆಯಲ್ಲಿ ಹೊಡೆದುಹಾಕುತ್ತೆ, ಕಂದಕ ಇಲ್ದೆ ಬದುಕೋದು ಹೆಂಗೆ?" ಯೂರೋಪು ಚೀನಾದ ಈ-ಬೈಕುಗಳ ಮೇಲೆ 2019ರ ಜನವರಿಯಿಂದಲೇ ಸುಂಕ ಹಾಕಿದೆ, ಕೆಲವು ಕಂಪನಿಗಳಿಗೆ ಎಲ್ಲ ಸೇರಿ 79.3 ಪ್ರತಿಶತದವರೆಗೆ. 2025ರಲ್ಲಿ ಮತ್ತೆ ಐದು ವರ್ಷ ಮುಂದುವರಿಸಿದರು. ಅಷ್ಟು ಎತ್ತರದ ಗೋಡೆ ಇದ್ದೂ ವ್ಯಾನ್‌ಮೂಫ್ ಉಳೀಲಿಲ್ಲ. ಅಗ್ಗದ ಮಾಲಿಗೆ ಎದುರಾಗಿ ನಿಲ್ಲೋ ಒಂದೇ ಒಂದು ಶಕ್ತಿ ಅಂದರೆ "ಇದು ಕೆಟ್ಟರೆ ಸರಿ ಮಾಡೋರು ನಿಮ್ಮ ಬೀದಿಯಲ್ಲೇ ಇದ್ದಾರೆ" ಅನ್ನೋ ಧೈರ್ಯ. ಅದನ್ನು ಕಂದಕಕ್ಕೆ ಎಸೆದು ಚೀನಾ ಬೈದು ಏನು ಪ್ರಯೋಜನ?

ಇಷ್ಟು ದೂರದ ಡಚ್ಚರ ಕಥೆ ನಮಗ್ಯಾಕೆ ಅಂತೀರಾ? ಹೇಳ್ತೀನಿ. ನಾನೂ ಒಂದು ಎಲೆಕ್ಟ್ರಿಕ್ ಸೈಕಲ್ ತಗೊಂಡಿದ್ದೆ. ಹೆಸರು ಬೇಡ, ಈಗ ಆ ಕಂಪನಿಯ ಫೋನೂ ಎತ್ತೋರಿಲ್ಲ. ಎರಡು ವರ್ಷ ಚೆನ್ನಾಗಿ ಓಡಿತು. ಒಂದು ದಿನ ಡಿಸ್‌ಪ್ಲೇ ಮೇಲೆ ಯಾವುದೋ ಎರರ್ ಸಂಖ್ಯೆ ತೋರಿಸಿ ಮೋಟಾರ್ ಮುನಿಸಿಕೊಂಡಿತು. ನಮ್ಮ ಬೀದಿ ತುದಿಯ ಸೈಕಲ್ ಶಾಪಿನ ಮೇಸ್ತ್ರಿ ಹತ್ತಿರ ತಳ್ಳಿಕೊಂಡು ಹೋದೆ. ನಲವತ್ತು ವರ್ಷದಿಂದ ರಿಮ್ಮಿನ ಬೆಂಡು ತೆಗೀತಾ ಇರೋ ಮನುಷ್ಯ. ಯಾವ ಕಂಪನಿ ಸೈಕಲ್ ಒಯ್ದರೂ ಡಬ್ಬಿಯಿಂದ ಒಂದು ನಟ್ಟು ಹುಡುಕಿ ಕೂರಿಸ್ತಾರೆ. ಅವರು ಕವರ್ ಬಿಚ್ಚಿ ನೋಡಿದರು. ಕಂಟ್ರೋಲರಿನ ವೈರಿಗೆ ಯಾವ ಅಂಗಡಿಯಲ್ಲೂ ಸಿಗದ ಕನೆಕ್ಟರ್. ಬೇರೆ ಕಂಟ್ರೋಲರ್ ಹಾಕೋಣ ಅಂದರೆ ಡಿಸ್‌ಪ್ಲೇ ಮಾತಾಡಲ್ಲ. ಮೇಸ್ತ್ರಿ ಕೈ ಒರೆಸಿಕೊಂಡು ಅಂದರು, "ಸೈಕಲ್ ಆಗಿದ್ರೆ ಮಾಡ್ತಿದ್ದೆ ಸಾರ್. ಇದು ಮೊಬೈಲು."

ಬೇಜಾರಾಗಿದ್ದು ದುಡ್ಡಿಗಲ್ಲ. ಅಷ್ಟು ಕೈಚಳಕ ಇರೋ ಮನುಷ್ಯ ನನ್ನ ಮುಂದೆ ತಪ್ಪಿತಸ್ಥನ ಥರ ನಿಂತಿದ್ದರಲ್ಲ, ಅದಕ್ಕೆ. ಗೊತ್ತಿಲ್ಲದ್ದು ಅವರ ತಪ್ಪಲ್ಲ. ಗೊತ್ತಾಗಬಾರದು ಅಂತಲೇ ಯಾರೋ ಕೂತು ಡಿಸೈನ್ ಮಾಡಿದ್ದರು.

ನಮ್ಮ ದೇಶದಲ್ಲಿ 250 ವ್ಯಾಟ್‌ಗಿಂತ ಕಮ್ಮಿ ಮೋಟಾರ್, ಗಂಟೆಗೆ 25 ಕಿಲೋಮೀಟರ್ ಮೀರದ ವೇಗ ಇರೋ ಎಲೆಕ್ಟ್ರಿಕ್ ಸೈಕಲ್ಲಿಗೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಒಳ್ಳೆಯದೇ. ಆದರೆ ಹಾಗಿರೋದರಿಂದಲೇ ಯಾರು ಬೇಕಾದರೂ ಶುರು ಮಾಡಬಹುದು, ಯಾರು ಬೇಕಾದರೂ ಶಟರ್ ಎಳೀಬಹುದು. ಹಾಲು ಹಾಕೋರು, ಪಾರ್ಸೆಲ್ ಹುಡುಗರು ಸಾಲ ಮಾಡಿ ಇದನ್ನು ಕೊಂಡರೆ, ಕೆಟ್ಟ ದಿನ ಅವರ ಸಂಪಾದನೆಯೇ ನಿಲ್ಲುತ್ತೆ. ನನ್ನ ಥರ ಬ್ಲಾಗ್ ಬರೆದು ಸಮಾಧಾನ ಮಾಡ್ಕೊಳ್ಳೋಕೆ ಅವರಿಗೆ ಆಗಲ್ಲ.

ಕನ್ನಡ ಬ್ಲಾಗಿಗರಾದ ನಮಗಂತೂ ಈ ವಿಷಯ ಯಾರೂ ಪಾಠ ಮಾಡಬೇಕಿಲ್ಲ. ಯೂನಿಕೋಡ್ ಬರೋಕೆ ಮುಂಚಿನ ಕಾಲ ನೆನಪಿಸಿಕೊಳ್ಳಿ. ಒಂದು ಸಾಫ್ಟ್‌ವೇರಿನಲ್ಲಿ ಕುಟ್ಟಿದ್ದು ಇನ್ನೊಂದರಲ್ಲಿ ತೆರೆದರೆ ಎಳ್ಳುಬೆಲ್ಲ ಚೆಲ್ಲಿದ ಹಾಗೆ ಚಿತ್ರವಿಚಿತ್ರ ಚಿಹ್ನೆಗಳು! ಆ ಫಾಂಟು ಇಲ್ಲದವನಿಗೆ ನಮ್ಮ ಕನ್ನಡ ಕನ್ನಡವೇ ಅಲ್ಲ. ನನ್ನ ಹಳೇ ಸಿಡಿಯೊಂದರಲ್ಲಿ ಹೀಗೆ ಬೀಗ ಬಿದ್ದ ಬರಹಗಳು ಈಗಲೂ ಇವೆ. ಆಮೇಲೆ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂತು, ಅಕ್ಷರಕ್ಕೊಂದು ಎಲ್ಲರೂ ಒಪ್ಪಿದ ಸಂಖ್ಯೆ ಬಳಕೆಗೆ ಬಂತು. ಅದಕ್ಕೇ ತಾನೇ ಇವತ್ತು ನೀವು ಯಾವ ಫೋನಿನಲ್ಲಿದ್ದರೂ ಇದನ್ನು ಓದ್ತಾ ಇರೋದು?

ಯೂನಿಕೋಡ್ ಬಂದು ಸ್ಪರ್ಧೆ ಸತ್ತಿತಾ? ಇಲ್ಲ ಸ್ವಾಮಿ, ಹೆಚ್ಚಾಯ್ತು! ಎಷ್ಟು ಫಾಂಟು, ಎಷ್ಟು ಕೀಬೋರ್ಡು! ಅಕ್ಷರದ ಅಂದದಲ್ಲಿ ಸ್ಪರ್ಧೆ, ಟೈಪ್ ಮಾಡೋ ಸುಲಭದಲ್ಲಿ ಸ್ಪರ್ಧೆ. ಅಕ್ಷರದ ಸಂಖ್ಯೆಯಲ್ಲಿ ಮಾತ್ರ ಎಲ್ಲರೂ ಒಂದೇ. ಸೈಕಲ್ ಕೂಡ ಹೀಗೇ ಬೆಳೆದಿದ್ದು. ಗಾಳಿ ತುಂಬೋ ವಾಲ್ವು, ಚೈನು, ಪೆಡಲ್ಲಿನ ಮರೆ, ಇವೆಲ್ಲ ಹೆಚ್ಚು ಕಮ್ಮಿ ಸಾಮಾನ್ಯ ಅಳತೆಯಲ್ಲಿ ಇದ್ದಿದ್ದಕ್ಕೇ ಕುಗ್ರಾಮದಲ್ಲೂ ಸೈಕಲ್ ಶಾಪ್ ಹುಟ್ಟಿತು. ಮೋಟಾರ್ ಸೇರಿಸಿದ ತಕ್ಷಣ ಆ ಪುಣ್ಯವನ್ನೆಲ್ಲ ಒರೆಸಿಹಾಕಬೇಕು ಅಂತ ಯಾವ ಶಾಸ್ತ್ರ ಹೇಳುತ್ತೆ?

ಯೂರೋಪಿನವರು ಪೆಟ್ಟು ತಿಂದು ಕಲೀತಾ ಇದ್ದಾರೆ. 2023ರಲ್ಲಿ ಬ್ಯಾಟರಿಗಳ ಮೇಲೆ ಹೊಸ ನಿಯಮ ಮಾಡಿದರು. 2027ರ ಫೆಬ್ರವರಿ 18ರಿಂದ ಅನ್ವಯ ಆಗೋ ಅದರ ಒಂದು ಭಾಗದ ಪ್ರಕಾರ ಈ-ಬೈಕಿನಂಥ ಹಗುರ ವಾಹನಗಳ ಬ್ಯಾಟರಿಯನ್ನು, ಅದರೊಳಗಿನ ಸೆಲ್ಲುಗಳನ್ನು ಕೂಡ, ಕಂಪನಿಗೆ ಸಂಬಂಧ ಇಲ್ಲದ ಸ್ವತಂತ್ರ ಮೆಕ್ಯಾನಿಕ್ ಬಿಚ್ಚಿ ಬದಲಾಯಿಸೋ ಹಾಗಿರಬೇಕು. ಸಾಫ್ಟ್‌ವೇರ್ ಬೀಗ ಹಾಕಿ ಅದನ್ನು ತಡೆಯೋ ಹಾಗಿಲ್ಲ. ಓದಿದಾಗ ನನಗೆ ನಮ್ಮ ಮೇಸ್ತ್ರಿ ಮುಖವೇ ನೆನಪಾಯ್ತು. ಅವರಂಥವರ ಪರವಾಗಿ ಅಲ್ಲಿ ಒಂದು ಕಾನೂನು ಇದೆ, ಇಲ್ಲೂ ಬರಲಿ.

ಬರೋವರೆಗೂ ಏನು ಮಾಡೋದು? ಎಲೆಕ್ಟ್ರಿಕ್ ಸೈಕಲ್ ಕೊಳ್ಳೋಕೆ ಹೋದರೆ ರೇಂಜ್ ಎಷ್ಟು ಅಂತ ಕೇಳೋ ಮುಂಚೆ ಇಷ್ಟು ಕೇಳಿ. ಇಂಟರ್‌ನೆಟ್ ಇಲ್ಲದೆ, ಆ್ಯಪ್ ಇಲ್ಲದೆ ಇದು ಓಡುತ್ತಾ? ಬ್ಯಾಟರಿ ನಾನೇ ತೆಗೀಬಹುದಾ, ಕಂಟ್ರೋಲರ್ ಬೇರೆ ಕಡೆ ಸಿಗುತ್ತಾ? ನನ್ನ ಬೀದಿಯ ಮೆಕ್ಯಾನಿಕ್‌ಗೆ ವೈರಿಂಗ್ ನಕ್ಷೆ ಕೊಡ್ತೀರಾ? ಮಾರೋನು ತಡವರಿಸಿದರೆ ಎದ್ದು ಬನ್ನಿ. ಗಿರಾಕಿ ಎದ್ದು ಹೋಗೋಕೆ ಶುರು ಮಾಡಿದರೆ ಕಂದಕ ತಾನಾಗೇ ತುಂಬುತ್ತೆ.

ನನ್ನ ಸೈಕಲ್ ಏನಾಯ್ತು ಅಂತೀರಾ? ಮೇಸ್ತ್ರಿ ಬ್ಯಾಟರಿ, ವೈರು ಎಲ್ಲ ಕಿತ್ತು ಚೀಲಕ್ಕೆ ಹಾಕಿಕೊಟ್ಟರು. ಈಗ ಬರೀ ಸೈಕಲ್. ಸತ್ತ ಮೋಟಾರನ್ನು ಹಿಂದಿನ ಚಕ್ರದಲ್ಲಿ ಹೊತ್ತುಕೊಂಡು ತುಳೀತೀನಿ. ಏರಿನಲ್ಲಿ ಉಸಿರು ಬಾಯಿಗೆ ಬರುತ್ತೆ. ಆದರೆ ಬೆಳಗ್ಗೆ ಹೊರಡೋಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಆ ಹುಡುಗ ನನ್ನ ನಂಬರ್ ತಗೊಂಡಿದ್ದಾನೆ. ಈ ಬರಹದ ಕೊಂಡಿ ಕಳಿಸ್ತೀನಿ. ಕೆಟ್ಟ ಹುಡುಗನೇನಲ್ಲ, ತಲೆಯಿದೆ. ಒಪ್ಪದಿದ್ದರೆ ಕೆಳಗೆ ಕಮೆಂಟಿನಲ್ಲಿ ಬಂದು ಬೈಯಲಿ, ನೀವೂ ಬೈಯಿರಿ, ಜಗಳ ಆಡೋಣ. ಅಂಕಲ್ ಅಂತ ಮಾತ್ರ ಬೇಡ.